ಬೆನ್ಯೆ: ಎಣ್ಣೆಯಲ್ಲಿ ಉಬ್ಬುವ ಹಿಟ್ಟಿನ ಕಥೆ

ದೂರದರ್ಶನದ ಪರದೆಗೆ ಒಂದು ಕೊರತೆಯಿದೆ. ಬಾಣಲೆಯಲ್ಲಿ ಎಣ್ಣೆ ಭೋರ್ಗರೆಯುವುದನ್ನು, ಹಿಟ್ಟಿನ ಉಂಡೆ ಹೊಂಬಣ್ಣಕ್ಕೆ ತಿರುಗುವುದನ್ನು ನಾವು ಬೇಕಾದಷ್ಟು ಹತ್ತಿರದಿಂದ ತೋರಿಸಬಲ್ಲೆವು. ಆದರೆ ಆ ಉಂಡೆಯ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ತೋರಿಸಲಾರೆವು. ಅದಕ್ಕಾಗಿಯೇ ಈ ಲೇಖನ.

ಕೆಲವು ವರ್ಷಗಳ ಹಿಂದೆ ಅಡುಗೆಯ ವಿಜ್ಞಾನವನ್ನು ಕುರಿತ ಒಂದು ಚಿತ್ರೀಕರಣದಲ್ಲಿ ನನಗೆ ಮುಖಭಂಗವಾದ ಪ್ರಸಂಗವೊಂದುಂಟು. ಅಡುಗೆಯವರು ಕರಿದ ಉಂಡೆಗಳನ್ನು ಬಾಣಲೆಯಿಂದ ತೆಗೆದು, ನಾನು ಹೇಳಿದಂತೆ, ತಟ್ಟೆಯಲ್ಲಿ ಒಂದರ ಮೇಲೊಂದು ಚೆಂದವಾಗಿ ಪೇರಿಸಿಟ್ಟರು. ದೀಪಗಳನ್ನು ಸರಿಪಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಕ್ಯಾಮೆರಾದ ಮುಂದೆ ಒಂದನ್ನು ಮುರಿದಾಗ ಎಣ್ಣೆ ಜಿನುಗಿ ಬೆರಳೆಲ್ಲ ಒದ್ದೆಯಾಯಿತು. ಎಣ್ಣೆ ಸರಿಯಾಗಿ ಕಾದಿರಲಿಲ್ಲವೆಂದು ನಾನು ಅಡುಗೆಯವರ ಮೇಲೆ ಹರಿಹಾಯ್ದೆ. ತಪ್ಪು ಅವರದಾಗಿರಲಿಲ್ಲ, ನನ್ನದಾಗಿತ್ತು. ವಿಜ್ಞಾನದ ಪದವಿ ಪಡೆದವನು ಇದನ್ನು ತಿಳಿದಿರಬೇಕಾಗಿತ್ತು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಹಿಟ್ಟನ್ನು ಕಲಸಿ ಎಣ್ಣೆಯಲ್ಲಿ ಕರಿಯುವುದು ಯಾವುದೇ ಒಂದು ದೇಶದ ಸ್ವತ್ತಲ್ಲ. ಆದರೂ ಇಲ್ಲಿ ಫ್ರಾನ್ಸನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ಕರಿದ ತಿಂಡಿಗಳ ವೈವಿಧ್ಯ ದೊಡ್ಡದು. ಕರಿಯುವಿಕೆಯ ರಸಾಯನವನ್ನು ಅರಿಯಲು ನೆರವಾದ ವಿಜ್ಞಾನಿಗಳಲ್ಲಿ ಹಲವರು ಆ ದೇಶದವರೇ ಎಂಬುದೂ ಒಂದು ಕಾರಣ.

ಇಂತಹ ತಿಂಡಿಗಳಿಗೆಲ್ಲ ಫ್ರೆಂಚರಲ್ಲಿ ಸಾಮಾನ್ಯವಾದ ಹೆಸರು 'ಬೆನ್ಯೆ'. ಪೆಟ್ಟು ಬಿದ್ದಾಗ ಹಣೆಯ ಮೇಲೆ ಏಳುವ ಬುಗುಟೆಗೆ ಹಳೆಯ ಫ್ರೆಂಚ್ ಭಾಷೆಯಲ್ಲಿ ಇದ್ದ ಪದದಿಂದ ಇದು ಹುಟ್ಟಿದೆ. ಬಿಸಿ ಎಣ್ಣೆಗೆ ಬಿದ್ದ ಹಿಟ್ಟು ಬುಗುಟೆಯಂತೆ ಊದಿಕೊಳ್ಳುವುದನ್ನು ಕಂಡೇ ಯಾರೋ ಆ ಹೆಸರಿಟ್ಟಿರಬೇಕು. ಲಿಯೋಂ ನಗರದಲ್ಲಿ ಇದೇ ಮೂಲದ ಪದ 'ಬುನ್ಯ' ಎಂದಾಗಿದೆ. ಲಿಯೋಂನ ಬುನ್ಯ ತೆಳುವಾಗಿ ಗರಿಗರಿಯಾಗಿರುತ್ತದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಸೇಂತ್ ಎತಿಯೆನ್ ಊರಿನ ಬುನ್ಯ ದಪ್ಪವಾಗಿ ಮೆತ್ತಗಿರುತ್ತದೆ. ಯಾವುದು ನಿಜವಾದ ಬುನ್ಯ ಎಂಬ ಜಗಳ ಎರಡು ಊರುಗಳ ನಡುವೆ ಇನ್ನೂ ಮುಗಿದಿಲ್ಲ. ಬೋರ್ಡೊ ಕಡೆ ಇಂತಹುದೇ ತಿಂಡಿಗೆ 'ಮೆರ್ವೇಯ್', ಅಂದರೆ ಅಚ್ಚರಿ, ಎನ್ನುತ್ತಾರೆ. ದಕ್ಷಿಣದ ಲಾಂಗ್‌ದೋಕ್‌ನಲ್ಲಿ ಹಾಳೆಯಂತೆ ಲಟ್ಟಿಸಿ ಕರಿದದ್ದು 'ಒರೆಯೆಟ್', ಅಂದರೆ ಪುಟ್ಟ ಕಿವಿ. ನಾಂತ್‌ನಲ್ಲಿ 'ಬೊತ್ತೆರೊ', ನೀಸ್‌ನಲ್ಲಿ 'ಗಾನ್ಸ್'. ಮಾರ್ಸೇ ನಗರದ ಅಂಚಿನ ಲೆಸ್ತಾಕ್ ಎಂಬ ಕಡಲತೀರದಲ್ಲಿ ಕಿತ್ತಳೆ ಹೂವಿನ ನೀರಿನ ಪರಿಮಳದ ಉದ್ದನೆಯ 'ಶಿಶಿ ಫ್ರೆಜಿ' ಮಾರುತ್ತಾರೆ. ಚಿತ್ರಕಾರ ಸೆಜಾನ್ ಮತ್ತೆ ಮತ್ತೆ ಚಿತ್ರಿಸಿದ ಲೆಸ್ತಾಕ್ ಇದೇ. ಅದೇ ಅಂಗಡಿಗಳಲ್ಲಿ ಕಡಲೆಹಿಟ್ಟನ್ನು ಗಂಜಿಯಂತೆ ಬೇಯಿಸಿ, ಆರಿಸಿ, ತುಂಡು ಮಾಡಿ ಕರಿದ 'ಪಾನಿಸ್' ಕೂಡ ಸಿಗುತ್ತದೆ.

ಈ ತಿಂಡಿಗಳಲ್ಲಿ ಹೆಚ್ಚಿನವು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲೇ ಕಾಣಿಸಿಕೊಳ್ಳುವುದಕ್ಕೆ ಒಂದು ಐತಿಹಾಸಿಕ ಕಾರಣವಿದೆ. ಈಸ್ಟರ್ ಹಬ್ಬಕ್ಕೆ ಮುನ್ನ ಕ್ರೈಸ್ತರು ನಲವತ್ತು ದಿನಗಳ ಉಪವಾಸ ವ್ರತ ಆಚರಿಸುತ್ತಾರೆ. ಮಧ್ಯಯುಗದ ನಿಯಮ ಬಹಳ ಕಟ್ಟುನಿಟ್ಟು: ಮಾಂಸ ಮಾತ್ರವಲ್ಲ, ಪ್ರಾಣಿಯ ಕೊಬ್ಬು, ಹಾಲು, ಬೆಣ್ಣೆ, ಮೊಟ್ಟೆ ಎಲ್ಲವೂ ವರ್ಜ್ಯ. ವ್ರತ ಆರಂಭವಾಗುವ ಬುಧವಾರದ ಹಿಂದಿನ ದಿನವೇ 'ಮಾರ್ದಿ ಗ್ರಾ'. ಪದಶಃ ಅದು ಕೊಬ್ಬಿನ ಮಂಗಳವಾರ. ಮನೆಯಲ್ಲಿ ಉಳಿದ ಕೊಬ್ಬು, ಮೊಟ್ಟೆಗಳನ್ನು ಅಂದೇ ಮುಗಿಸಬೇಕು. ಮುಗಿಸಲು ಕರಿಯುವುದಕ್ಕಿಂತ ಒಳ್ಳೆಯ ಉಪಾಯ ಇನ್ನಾವುದಿದೆ?

ಈ ನಿಷೇಧ ಎಲ್ಲರನ್ನೂ ಒಂದೇ ರೀತಿ ತಟ್ಟಲಿಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ಆಲಿವ್ ಎಣ್ಣೆಯಿತ್ತು. ಅದು ಸಸ್ಯಜನ್ಯವಾದುದರಿಂದ ವ್ರತಕ್ಕೆ ಅಡ್ಡಿಯಿರಲಿಲ್ಲ. ಉತ್ತರದ ನಾರ್ಮಂಡಿಯಲ್ಲಿ ಆಲಿವ್ ಬೆಳೆಯುವುದಿಲ್ಲ. ಅದು ಹಸುಗಳ ನಾಡು, ಬೆಣ್ಣೆಯ ನಾಡು. ಅಲ್ಲಿನವರು ಚರ್ಚಿಗೆ ಕಾಣಿಕೆ ತೆತ್ತು ವ್ರತದ ದಿನಗಳಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆಯುವ ಪದ್ಧತಿ ಬೆಳೆಯಿತು. ರುಆಂ ನಗರದ ಮಹಾ ಇಗರ್ಜಿಯಲ್ಲಿ 15ನೇ ಶತಮಾನದ ಕೊನೆಗೆ ಆರಂಭವಾಗಿ 16ನೇ ಶತಮಾನದ ಆದಿಯಲ್ಲಿ ಮುಗಿದ ಎತ್ತರದ ಗೋಪುರವೊಂದಿದೆ. ಅದರ ವೆಚ್ಚದ ಒಂದು ಭಾಗ ಇಂತಹ ಕಾಣಿಕೆಯಿಂದ ಬಂದುದರಿಂದ ಇಂದಿಗೂ ಅದನ್ನು 'ಬೆಣ್ಣೆ ಗೋಪುರ' ಎಂದೇ ಕರೆಯುತ್ತಾರೆ. ಕಾಣಿಕೆ ಕೊಡಲಾಗದ ಬಡವ ಏನು ಮಾಡಬೇಕಿತ್ತು? ಮಾರ್ಟಿನ್ ಲೂಥರ್ 1520ರಲ್ಲಿ ಜರ್ಮನ್ ಕುಲೀನರನ್ನುದ್ದೇಶಿಸಿ ಬರೆದ ಪುಸ್ತಿಕೆಯಲ್ಲಿ ಈ ವಿಷಯವನ್ನೇ ಎತ್ತಿಕೊಂಡ. ರೋಮಿನವರು ತಾವು ಉಪವಾಸವನ್ನು ನಗೆಗೀಡು ಮಾಡುತ್ತ, ತಮ್ಮ ಪಾದರಕ್ಷೆಗೂ ಸವರದಂತಹ ಎಣ್ಣೆಯನ್ನು ನಮಗೆ ತಿನ್ನಿಸಿ, ಆಮೇಲೆ ಬೆಣ್ಣೆ ತಿನ್ನುವ ಅನುಮತಿಯನ್ನು ನಮಗೇ ಮಾರುತ್ತಾರೆ ಎಂಬುದು ಅವನ ದೂರು. ಯೂರೋಪಿನ ಚರ್ಚು ಒಡೆದುಹೋದುದಕ್ಕೆ ಬೆಣ್ಣೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಜನರ ಸಿಟ್ಟಿನಲ್ಲಿ ಅಡುಗೆಮನೆಗೂ ಪಾಲಿತ್ತು.

ಇನ್ನು ಬಾಣಲೆಗೆ ಬರೋಣ.

ಕರಿಯುವ ಎಣ್ಣೆಯ ಉಷ್ಣತೆ ಸಾಮಾನ್ಯವಾಗಿ 170ರಿಂದ 180 ಡಿಗ್ರಿ ಸೆಂಟಿಗ್ರೇಡ್. ಹಿಟ್ಟು ಹಾಕಿದೊಡನೆ ಗುಳ್ಳೆಗಳು ಭುಗಿಲೇಳುತ್ತವೆ. ಎಣ್ಣೆ ಕುದಿಯುತ್ತಿದೆ ಎಂದು ನಾವೆಲ್ಲ ಹೇಳುತ್ತೇವೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಹಿಟ್ಟಿನಲ್ಲಿರುವ ನೀರು. ನೀರು 100 ಡಿಗ್ರಿಯಲ್ಲಿ ಆವಿಯಾಗುತ್ತದೆ. ಒಂದು ಮಿಲಿಲೀಟರ್ ನೀರು ಆವಿಯಾದಾಗ ಸುಮಾರು 1700 ಮಿಲಿಲೀಟರಿನಷ್ಟು ಜಾಗ ಹಿಡಿಯುತ್ತದೆ. ಬೆನ್ಯೆ ಉಬ್ಬುವುದಕ್ಕೆ ಮುಖ್ಯ ಕಾರಣ ಈ ಒಂದು ಸಂಖ್ಯೆ. ನಮ್ಮ ಪೂರಿ ಉಬ್ಬುವುದೂ ಇದರಿಂದಲೇ.

ಆವಿಯಾಗಲು ನೀರು ಬಹಳಷ್ಟು ಶಾಖವನ್ನು ನುಂಗುತ್ತದೆ. ಒಂದು ಕಿಲೋಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಏರಿಸಲು ಸುಮಾರು 420 ಕಿಲೋಜೂಲ್ ಸಾಕು. ಅದೇ ನೀರನ್ನು 100 ಡಿಗ್ರಿಯಲ್ಲಿ ಆವಿಯಾಗಿಸಲು ಸುಮಾರು 2260 ಕಿಲೋಜೂಲ್ ಬೇಕು. ಇದೇ ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ ಗುಪ್ತೋಷ್ಣ. ಒಮ್ಮೆಗೇ ಹತ್ತು ಉಂಡೆ ಹಾಕಿದರೆ ಎಣ್ಣೆ ತಣ್ಣಗಾಗುವುದೂ, ಅನುಭವಸ್ಥರು ನಾಲ್ಕೈದನ್ನೇ ಹಾಕುವುದೂ ಇದೇ ಕಾರಣಕ್ಕೆ. ಇನ್ನೊಂದು ಪರಿಣಾಮವೂ ಇದೆ. ಒಳಗೆ ನೀರು ಇರುವ ತನಕ ತಿರುಳಿನ ಉಷ್ಣತೆ 100 ಡಿಗ್ರಿಯನ್ನು ದಾಟುವುದಿಲ್ಲ. ಸೇಬಿನ ಬೆನ್ಯೆಯನ್ನು ನೋಡಿ: ಸೇಬನ್ನು ಬಿಲ್ಲೆಗಳಾಗಿ ಕೊಯ್ದು, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಹೊರಗೆ 170 ಡಿಗ್ರಿಯ ಎಣ್ಣೆಯಿದ್ದರೂ ಒಳಗೆ ಹಣ್ಣು ತನ್ನದೇ ಆವಿಯಲ್ಲಿ ಮೆತ್ತಗೆ ಬೇಯುತ್ತದೆ. ಹಿಟ್ಟಿನ ಪದರ ಇಲ್ಲಿ ಕವಚದ ಕೆಲಸ ಮಾಡುತ್ತದೆ.

ಆ ಕವಚ ಗರಿಗರಿಯಾಗಿರಬೇಕಾದರೆ ಗೋಧಿಹಿಟ್ಟಿನ ಸ್ವಭಾವವನ್ನು ಅಂಕೆಯಲ್ಲಿಡಬೇಕು. ಗೋಧಿಯ ಪ್ರೋಟೀನುಗಳು ನೀರು ಸೇರಿದಾಗ ಗ್ಲೂಟೆನ್ ಎಂಬ ಜಿಗುಟಾದ ಜಾಲವಾಗುತ್ತವೆ. ಹೆಚ್ಚು ಕಲಸಿದಷ್ಟೂ ಜಾಲ ಬಲವಾಗುತ್ತದೆ, ಕರಿದಾಗ ಕವಚ ತೊಗಲಿನಂತಾಗುತ್ತದೆ. ಆದುದರಿಂದಲೇ ಫ್ರೆಂಚ್ ಅಡುಗೆಯವರು ಹಿಟ್ಟನ್ನು ಕಲಸಿ ಒಂದು ಗಂಟೆ ಸುಮ್ಮನೆ ಬಿಡುತ್ತಾರೆ, ಜಾಲ ಸಡಿಲವಾಗುತ್ತದೆ. ಹಲವರು ನೀರಿನ ಬದಲು ಬಿಯರ್ ಹಾಕುತ್ತಾರೆ. ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹಿಟ್ಟನ್ನು ಹಗುರ ಮಾಡುತ್ತದೆ, ಆಲ್ಕೊಹಾಲು ಗ್ಲೂಟೆನ್ ಬಲಗೊಳ್ಳುವುದನ್ನು ತಡೆಯುತ್ತದೆ. ಇದು ಹೊಸ ಜಾಣ್ಮೆಯೇನಲ್ಲ. ಸುಮಾರು 1393ರಲ್ಲಿ ಪ್ಯಾರಿಸ್ಸಿನ ಗೃಹಸ್ಥನೊಬ್ಬ ತನ್ನ ಹದಿನೈದು ವರ್ಷದ ಹೆಂಡತಿಗೆ ಮನೆವಾರ್ತೆ ಕಲಿಸಲೆಂದು ಬರೆದ 'ಮೆನಾಜಿಯೆ ದ ಪಾರಿ' ಎಂಬ ಗ್ರಂಥದಲ್ಲಿ, ಗಿಣ್ಣಿನ ತುಂಡುಗಳನ್ನು ಮೊಟ್ಟೆ, ಹಿಟ್ಟು, ಉಪ್ಪು ಮತ್ತು ಸ್ವಲ್ಪ ದ್ರಾಕ್ಷಾರಸದಲ್ಲಿ ಅದ್ದಿ ಕರಿಯುವ ವಿಧಾನವಿದೆ. ಗ್ಲೂಟೆನ್ ಎಂಬ ಪದವನ್ನೇ ಕೇಳಿರದ ಕಾಲ ಅದು.

ಈಗ ನನಗೆ ಅತ್ಯಂತ ಪ್ರಿಯವಾದ ಉದಾಹರಣೆಗೆ ಬರುತ್ತೇನೆ. ಅದರ ಹೆಸರು 'ಪೆ ದ ನೊನ್'. ಅರ್ಥ ಹೇಳಲು ಸಂಕೋಚವಾಗುತ್ತದೆ. ಸನ್ಯಾಸಿನಿಯ ಅಪಾನವಾಯು ಎಂದು. ಮರ್ಯಾದಸ್ಥ ಫ್ರೆಂಚರು ಇದನ್ನು 'ಸನ್ಯಾಸಿನಿಯ ನಿಟ್ಟುಸಿರು' ಎಂದು ಬದಲಾಯಿಸಿಕೊಂಡಿದ್ದಾರೆ. ಮಠವೊಂದರಲ್ಲಿ ಈ ತಿಂಡಿ ಹುಟ್ಟಿದ ಬಗ್ಗೆ ಪೋಲಿ ಕಥೆಗಳು ಅನೇಕ, ಅವು ಕಥೆಗಳೇ.

ಇದರ ಹಿಟ್ಟಿಗೆ 'ಶೂ' ಹಿಟ್ಟು ಎನ್ನುತ್ತಾರೆ. ಶೂ ಎಂದರೆ ಎಲೆಕೋಸು. ಒಲೆಯಲ್ಲಿ ಸುಟ್ಟಾಗ ಅದು ಪುಟ್ಟ ಕೋಸಿನಂತೆ ಕಾಣುತ್ತದೆ. ರಾಣಿ ಕ್ಯಾಥರೀನ್ ದ ಮೆದಿಚಿಯ ಇಟಾಲಿಯನ್ ಅಡುಗೆಯವನೊಬ್ಬ ಇದನ್ನು ಫ್ರಾನ್ಸಿಗೆ ತಂದನೆಂದು ಅನೇಕ ಪುಸ್ತಕಗಳು ಹೇಳುತ್ತವೆ, ಇತಿಹಾಸಕಾರರು ಒಪ್ಪುವುದಿಲ್ಲ. ಇದಕ್ಕೆ ಇಂದಿನ ರೂಪ ಕೊಟ್ಟವರಲ್ಲಿ 19ನೇ ಶತಮಾನದ ಆದಿಯ ಪ್ರಸಿದ್ಧ ಪಾಕತಜ್ಞ ಮರಿ ಆಂತ್ವಾನ್ ಕರೇಮ್ ಒಬ್ಬ. ಫ್ರೆಂಚಿನಲ್ಲಿ 'ಕರೇಮ್' ಎಂದರೆ ಈಸ್ಟರಿಗೆ ಮುಂಚಿನ ಉಪವಾಸ. ಸಿಹಿತಿಂಡಿಗಳ ಸಾಮ್ರಾಟನಿಗೆ ಉಪವಾಸವೇ ಮನೆತನದ ಹೆಸರು!

ಶೂ ಹಿಟ್ಟಿನ ಲೆಕ್ಕ ನೋಡಿ. ಕಾಲು ಲೀಟರ್ ನೀರು, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ, ನಾಲ್ಕು ಮೊಟ್ಟೆ, ಚಿಟಿಕೆ ಉಪ್ಪು. ಮೊಟ್ಟೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಆದುದರಿಂದ ನಾಲ್ಕು ಮೊಟ್ಟೆಗಳಿಂದ ಇನ್ನೂ 150 ಗ್ರಾಂ ನೀರು ಸೇರುತ್ತದೆ. ಒಟ್ಟು 150 ಗ್ರಾಂ ಮೈದಾಕ್ಕೆ ಸುಮಾರು 400 ಗ್ರಾಂ ನೀರು! ತಣ್ಣಗೆ ಕಲಸಿದರೆ ಇದು ಮಜ್ಜಿಗೆಯಂತೆ ಹರಿಯಬೇಕು. ಆದರೆ ಶೂ ಹಿಟ್ಟು ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ. ನೀರು ಎಲ್ಲಿ ಹೋಯಿತು?

ಉತ್ತರ ಮಾಡುವ ಕ್ರಮದಲ್ಲಿದೆ. ಮೊದಲು ನೀರು, ಬೆಣ್ಣೆಗಳನ್ನು ಕುದಿಸಿ, ಮೈದಾವನ್ನು ಒಮ್ಮೆಗೇ ಸುರಿದು, ಒಲೆಯ ಮೇಲೆಯೇ ತಿರುವುತ್ತಾರೆ. ಗೋಧಿಯ ಪಿಷ್ಟದ ಕಣಗಳು 60 ಡಿಗ್ರಿಯ ಆಸುಪಾಸಿನಲ್ಲಿ ನೀರು ಹೀರಿ ಊದಿಕೊಂಡು ಅಂಬಲಿಯಂತಾಗುತ್ತವೆ. ನೀರು ಎಲ್ಲಿಗೂ ಹೋಗಿಲ್ಲ, ಪಿಷ್ಟದ ಸೆರೆಯಲ್ಲಿದೆ. ಸ್ವಲ್ಪ ಆರಿದ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸುತ್ತಾರೆ. ಬಿಸಿಯಿರುವಾಗಲೇ ಹಾಕಿದರೆ ಮೊಟ್ಟೆ ಅಲ್ಲೇ ಬೆಂದು ಗಂಟಾಗುತ್ತದೆ. ಹಳದಿಯಲ್ಲಿರುವ ಲೆಸಿಥಿನ್ ಎಂಬ ಪದಾರ್ಥ ಬೆಣ್ಣೆಯ ಜಿಡ್ಡನ್ನೂ ನೀರನ್ನೂ ಬೇರ್ಪಡದಂತೆ ಹಿಡಿದಿಡುತ್ತದೆ. ಇದನ್ನು ಮೊಟ್ಟೆಯ ಹಳದಿಯಿಂದ 1840ರ ದಶಕದಲ್ಲಿ ಬೇರ್ಪಡಿಸಿ, ಹಳದಿಯ ಗ್ರೀಕ್ ಹೆಸರಿನಿಂದಲೇ ನಾಮಕರಣ ಮಾಡಿದವನು ಪ್ಯಾರಿಸ್ಸಿನ ಔಷಧ ವಿಜ್ಞಾನಿ ತೆಯೊದೋರ್ ಗೋಬ್ಲೆ.

ಈ ಹಿಟ್ಟನ್ನು ಚಮಚದಿಂದ ನೆಲ್ಲಿಕಾಯಿ ಗಾತ್ರಕ್ಕೆ ಎಣ್ಣೆಗೆ ಬಿಟ್ಟಾಗ ಒಂದು ತಮಾಷೆ ನಡೆಯುತ್ತದೆ. ಉಂಡೆ ತೇಲುತ್ತದೆ, ಕೆಳಭಾಗ ಊದುತ್ತದೆ, ಆಮೇಲೆ ಯಾರೂ ಮುಟ್ಟದೆಯೇ ತಾನಾಗಿ ಮಗುಚಿಕೊಳ್ಳುತ್ತದೆ! ಎಣ್ಣೆಯಲ್ಲಿ ಮುಳುಗಿದ ಅಡಿಭಾಗ ಮೊದಲು ಕಾದು, ಆವಿ ತುಂಬಿ ಹಗುರವಾಗುತ್ತದೆ. ಮೇಲಿನ ಭಾಗ ಇನ್ನೂ ಹಸಿಯಾಗಿ ಭಾರವಾಗಿಯೇ ಇರುತ್ತದೆ. ಭಾರ ಮೇಲೆ, ಹಗುರ ಕೆಳಗೆ: ಇದು ಅಸ್ಥಿರ ಸಮತೋಲ. ಸ್ವಲ್ಪ ಅಲುಗಿದರೂ ಉಂಡೆ ಉರುಳಿ ಭಾರದ ಮಗ್ಗುಲು ಕೆಳಗೆ ಬರುತ್ತದೆ. ಈಗ ಅದರ ಸರದಿ. ಆರ್ಕಿಮಿಡೀಸನ ತತ್ತ್ವವನ್ನು ಇಷ್ಟು ರುಚಿಕರವಾಗಿ ತೋರಿಸುವ ಪ್ರಯೋಗ ಬೇರೊಂದನ್ನು ನಾನು ಕಂಡಿಲ್ಲ. ಪ್ರಾರಂಭದಲ್ಲಿ ಎಣ್ಣೆ ವಿಪರೀತ ಕಾದಿರಬಾರದು. ಕಾದಿದ್ದರೆ ಹೊರಪದರ ಬೇಗ ಗಟ್ಟಿಯಾಗಿ, ಉಂಡೆ ಪೂರ್ತಿ ಊದಲಾರದೆ ಉಳಿಯುತ್ತದೆ, ಅಥವಾ ಒಳಗಿನ ಆವಿ ಕವಚವನ್ನು ಒಡೆದುಕೊಂಡು ಸಿಡಿಯುತ್ತದೆ. 160 ಡಿಗ್ರಿಯ ಸುಮಾರಿಗೆ ಆರಂಭಿಸಿ ನಿಧಾನವಾಗಿ ಏರಿಸುವುದು ಜಾಣತನ.

ಬಣ್ಣ ಮತ್ತು ಪರಿಮಳದ ಮಾತು ಬೇರೆ. ಹೊರಪದರದ ನೀರೆಲ್ಲ ಆವಿಯಾದ ಮೇಲೆ ಅದರ ಉಷ್ಣತೆ 100 ಡಿಗ್ರಿಯನ್ನು ದಾಟಿ ಏರತೊಡಗುತ್ತದೆ. 140 ಡಿಗ್ರಿ ಮೀರಿದಾಗ ಸಕ್ಕರೆಗಳೂ ಪ್ರೋಟೀನಿನ ಅಮೈನೋ ಆಮ್ಲಗಳೂ ವೇಗವಾಗಿ ವರ್ತಿಸಿ ಕಂದು ಬಣ್ಣದ, ಸುವಾಸನೆಯ ನೂರಾರು ಸಂಯುಕ್ತಗಳಾಗುತ್ತವೆ. 1912ರಲ್ಲಿ ಇದನ್ನು ಮೊದಲು ವರದಿ ಮಾಡಿದವನು ಫ್ರೆಂಚ್ ವೈದ್ಯ ಹಾಗೂ ರಸಾಯನ ವಿಜ್ಞಾನಿ ಲೂಯಿ ಕಾಮಿಯ್ ಮಯಾರ್. ಅವನಿಗೆ ಅಡುಗೆಯ ಗೊಡವೆ ಇರಲಿಲ್ಲ; ಜೀವಕೋಶದಲ್ಲಿ ಪ್ರೋಟೀನುಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಹುಡುಕುತ್ತಿದ್ದ. ಅವನು 1936ರಲ್ಲಿ ತೀರಿಕೊಂಡ. ಆಹಾರ ವಿಜ್ಞಾನದಲ್ಲಿ ಅವನ ಹೆಸರು ಮನೆಮಾತಾದದ್ದು ಅದಾದ ಮೇಲೆ.

ಇದೇ ವರ್ತನೆಯ ಕಹಿ ಮುಖ 2002ರಲ್ಲಿ ಹೊರಬಿತ್ತು. ಪಿಷ್ಟವಿರುವ ಆಹಾರವನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಎಂಬ ಪದಾರ್ಥ ಉಂಟಾಗುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುತ್ತದೆ. ಆಲೂಗೆಡ್ಡೆ, ಬ್ರೆಡ್ಡು, ಬಿಸ್ಕತ್ತು ಮೊದಲಾದವುಗಳ ತಯಾರಕರು ಇದನ್ನು ತಗ್ಗಿಸಬೇಕೆಂಬ ನಿಯಮ ಯೂರೋಪಿನ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿದೆ. ಹೊಂಬಣ್ಣಕ್ಕೆ ನಿಲ್ಲಿಸಬೇಕು, ಕಡುಗಂದಿಗೆ ಬಿಡಬಾರದು ಎಂಬ ಅಜ್ಜಿಯರ ಮಾತಿಗೆ ಈಗ ಪ್ರಯೋಗಾಲಯದ ಬೆಂಬಲವೂ ಸಿಕ್ಕಂತಾಯಿತು.

ನನ್ನ ಚಿತ್ರೀಕರಣದ ಎಣ್ಣೆಯ ವಿಷಯ ಹೇಳುತ್ತೇನೆಂದಿದ್ದೆ. ಬಾಣಲೆಯಲ್ಲಿರುವಾಗ ಬೆನ್ಯೆಯ ರಂಧ್ರಗಳಿಂದ ಆವಿ ರಭಸವಾಗಿ ಹೊರನುಗ್ಗುತ್ತಿರುತ್ತದೆ. ಆ ಒತ್ತಡಕ್ಕೆ ಎದುರಾಗಿ ಎಣ್ಣೆ ಒಳಹೋಗುವುದು ಕಷ್ಟ. ಹೊರತೆಗೆದೊಡನೆ ಚಿತ್ರ ತಲೆಕೆಳಗಾಗುತ್ತದೆ: ಉಂಡೆ ತಣಿಯುತ್ತದೆ, ಒಳಗಿನ ಆವಿ ನೀರಾಗುತ್ತದೆ, ಒಳಗಿನ ಒತ್ತಡ ಕುಸಿಯುತ್ತದೆ, ಹೊರಮೈಗೆ ಅಂಟಿಕೊಂಡಿದ್ದ ಎಣ್ಣೆಯನ್ನು ಉಂಡೆ ಸ್ಪಂಜಿನಂತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹೀರುವಿಕೆಯ ಬಹುಪಾಲು ನಡೆಯುವುದು ಬಾಣಲೆಯಲ್ಲಲ್ಲ, ತಟ್ಟೆಯಲ್ಲಿ. ತೆಗೆದ ತಕ್ಷಣ, ಬಿಸಿಯಿರುವಾಗಲೇ, ಎಣ್ಣೆಯನ್ನು ಜಾಡಿಸಿ, ಕಾಗದದ ಮೇಲೋ ಜಾಲರಿಯ ಮೇಲೋ ಹರಡಬೇಕು. ಒಂದರ ಮೇಲೊಂದು ಪೇರಿಸಿದರೆ ಹೊರಟ ಆವಿಯೂ ಪಕ್ಕದ ಉಂಡೆಯ ಮೇಲೆ ನೀರಾಗಿ ಗರಿಯನ್ನು ಕೆಡಿಸುತ್ತದೆ. ಚೆಂದವಾಗಿ ಪೇರಿಸಿ ಎಂದವನು ನಾನೇ. ಇದು ಗೊತ್ತಾದ ಮೇಲೆ ಆ ಅಡುಗೆಯವರಲ್ಲಿ ಕ್ಷಮೆ ಕೇಳಿದೆ. "ನೀವು ಓದಿದವರು, ಹೇಳಿದಂತೆ ಮಾಡಿದೆ" ಎಂದು ಅವರು ನಕ್ಕುಬಿಟ್ಟರು.

ಎಣ್ಣೆಯ ಆಯ್ಕೆಯಲ್ಲೂ ಭೂಗೋಳವಿದೆ. ಬೆಣ್ಣೆಯ ನಾಡಿನಲ್ಲೂ ಬೆಣ್ಣೆಯಲ್ಲಿ ಕರಿಯುವುದಿಲ್ಲ. ಅದರಲ್ಲಿ ಶೇಕಡಾ 16ರಷ್ಟು ನೀರಿದೆ, ಹಾಲಿನ ಘನಾಂಶ 150 ಡಿಗ್ರಿಯ ಸುಮಾರಿಗೆ ಕರಕಾಗುತ್ತದೆ. ನೈರುತ್ಯ ಫ್ರಾನ್ಸಿನಲ್ಲಿ ಬಾತುಕೋಳಿಯ ಕೊಬ್ಬು, ಉತ್ತರದಲ್ಲಿ ಹಂದಿಯ ಕೊಬ್ಬು, ಪ್ರೊವಾನ್ಸ್‌ನಲ್ಲಿ ಆಲಿವ್ ಎಣ್ಣೆ ರೂಢಿಯಲ್ಲಿದ್ದವು. 19ನೇ ಶತಮಾನದಲ್ಲಿ ಮಾರ್ಸೇ ಬಂದರಿಗೆ ಆಫ್ರಿಕದ ಸೆನೆಗಲ್‌ನಿಂದ ಕಡಲೆಕಾಯಿ ಬರತೊಡಗಿತು. ಆ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚರ ವಶದಲ್ಲಿದ್ದ ನಮ್ಮ ಪಾಂಡಿಚೇರಿಯಿಂದಲೂ ಹಡಗೇರಿತು. ಹೆಚ್ಚು ಬಿಸಿ ತಡೆಯುವ ಕಡಲೆಕಾಯಿ ಎಣ್ಣೆ ಫ್ರೆಂಚ್ ಬಾಣಲೆಗೆ ಬಂದದ್ದು ಹೀಗೆ. ಕೊಬ್ಬು, ಎಣ್ಣೆಗಳೆಲ್ಲ ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳಿಂದ ಆದವೆಂದು ತೋರಿಸಿಕೊಟ್ಟ ಮಿಶೆಲ್ ಶೆವ್ರಲ್ ಕೂಡ ಫ್ರೆಂಚನೇ. 1786ರಲ್ಲಿ ಹುಟ್ಟಿ 1889ರವರೆಗೆ, 102 ವರ್ಷ ಬದುಕಿದ.

ಇಲ್ಲಿ ಒಂದು ಎಚ್ಚರಿಕೆ. ನೀರು ಆವಿಯಾದಾಗ 1700 ಪಟ್ಟು ಹಿಗ್ಗುತ್ತದೆ ಎಂದೆನಲ್ಲವೆ? ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ಗಾಬರಿಯಿಂದ ನೀರು ಸುರಿದರೆ, ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಬೆನ್ಯೆಯನ್ನು ಅರಳಿಸುವ ಶಕ್ತಿಯೇ ಮನೆಯನ್ನು ಸುಡಬಲ್ಲದು. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆರೆಯದೆ ಬಿಡಬೇಕು. ಗಾಳಿಯಿಲ್ಲದೆ ಬೆಂಕಿ ನಂದುತ್ತದೆ. ಕಾದ ಬಾಣಲೆಯನ್ನು ಎತ್ತಿಕೊಂಡು ಓಡಲೇಬಾರದು.

ಬೆನ್ಯೆ ಸಮುದ್ರವನ್ನೂ ದಾಟಿದೆ. 1718ರಲ್ಲಿ ಫ್ರೆಂಚರು ಅಮೆರಿಕದಲ್ಲಿ ಸ್ಥಾಪಿಸಿದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಬೆನ್ಯೆ ಎಂದರೆ ಹುದುಗು ಬರಿಸಿದ ಹಿಟ್ಟನ್ನು ಚೌಕವಾಗಿ ಕತ್ತರಿಸಿ ಕರಿದು, ಮೇಲೆ ಸಕ್ಕರೆ ಪುಡಿಯನ್ನು ಹಿಮದಂತೆ ಸುರಿದ ತಿಂಡಿ. ಮಾರುಕಟ್ಟೆಯ ಪಕ್ಕದಲ್ಲಿ 1862ರಿಂದ ನಡೆಯುತ್ತಿರುವ ಕೆಫೆ ದು ಮೋಂಡ್ ಎಂಬ ಹೋಟೆಲಿನಲ್ಲಿ ಮೂರು ಮೂರು ಬೆನ್ಯೆಗಳನ್ನು ಚಿಕೋರಿ ಬೆರೆಸಿದ ಹಾಲುಕಾಫಿಯೊಡನೆ ಕೊಡುತ್ತಾರೆ. ನೆಪೋಲಿಯನ್ನನ ಕಾಲದಲ್ಲಿ ಹಡಗುಗಳು ನಿಂತು ಕಾಫಿ ದುರ್ಲಭವಾದಾಗ ಫ್ರೆಂಚರಲ್ಲಿ ಬೇರೂರಿದ ಚಿಕೋರಿಯ ಚಟ ಅದು. ನಮ್ಮ ಫಿಲ್ಟರ್ ಕಾಫಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. 1986ರಲ್ಲಿ ಲೂಯಿಸಿಯಾನ ಬೆನ್ಯೆಯನ್ನು ತನ್ನ ಅಧಿಕೃತ ರಾಜ್ಯ ತಿಂಡಿಗಳಲ್ಲಿ ಒಂದೆಂದು ಘೋಷಿಸಿತು. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತದಿಂದ ನಗರದ ಬಹುಭಾಗ ನೀರಿನಲ್ಲಿ ಮುಳುಗಿದಾಗ ಆ ಹೋಟೆಲೂ ಮುಚ್ಚಿತ್ತು. ಅಕ್ಟೋಬರಿನಲ್ಲಿ ಮತ್ತೆ ಬಾಗಿಲು ತೆರೆದು ಬಾಣಲೆ ಕಾಯಿಸಿದಾಗ, ಊರಿಗೆ ಮರಳಿದ್ದ ಜನ ಬಂದು ಮೇಜುಗಳಲ್ಲಿ ಕುಳಿತರು.